ಕಣ್ಣಿಗೆ ಕಾಣುವಂತೆ ಬರೆಯಿರಿ

ಶಾಲೆಯ ಕೆಲಸದಲ್ಲಿ ನಗು ಬರುವ ಪ್ರಸಂಗಗಳನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಮುಖ ಗಂಟುಹಾಕಿಕೊಂಡು ಗಂಭೀರವಾಗಿ ಕೂತ ಹೊತ್ತಿಗೆ ಸರಿಯಾಗಿ ಅವೇ ಬಾಗಿಲು ತಳ್ಳಿಕೊಂಡು ಬರುತ್ತವೆ. ದೇವರು ನಮಗೆ ಕೊಡುವ ಪ್ರಸಾದದಲ್ಲಿ ಇದೂ ಒಂದು ಬಗೆ ಎಂದು ನಾನು ಕಣ್ಣಿಗೊತ್ತಿಕೊಳ್ಳುತ್ತೇನೆ.

ನಾನು ನಿವೃತ್ತ ಶಿಕ್ಷಕಿ. ಮನೆ ತುಂಗಭದ್ರಾ ಡ್ಯಾಮಿನ ಹತ್ತಿರ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಬಸ್ಸು ಹತ್ತಿದರೆ ನನ್ನ ದಿನ ಶುರು. ಒಂದು ಸಣ್ಣ ಸಂಸ್ಥೆಯ ಪರವಾಗಿ ಸುತ್ತಮುತ್ತಲಿನ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುತ್ತೇನೆ. ಹೇಳಿಕೊಡುವುದು ಎರಡೇ ಮಾತು. ಪಾಠಕ್ಕೆ ಮೊದಲು, ‘ಇದು ಮುಗಿದ ಮೇಲೆ ಮಕ್ಕಳಿಗೆ ಏನು ಮಾಡಲು ಬರಬೇಕು’ ಎಂದು ಒಂದು ವಾಕ್ಯ ಬರೆಯಿರಿ. ಅದು ಕಲಿಕಾ ಉದ್ದೇಶ. ಆ ವಾಕ್ಯಕ್ಕೆ ತಕ್ಕ ಸಾಧನವನ್ನು ಆಮೇಲೆ ಆರಿಸಿ, ಪ್ರೊಜೆಕ್ಟರೋ, ಮೊಬೈಲೋ, ಬರೀ ಸೀಮೆಸುಣ್ಣವೋ. ಉದ್ದೇಶ ಮುಂದೆ, ಯಂತ್ರ ಹಿಂದೆ. ಕೇಳಲು ಎಷ್ಟು ಸಲೀಸು ನೋಡಿ. ಮಾಡಲು ಹೋದಾಗ ಏನೇನಾಯಿತು ಎನ್ನುವುದನ್ನು ಹೇಳುತ್ತೇನೆ.

ಆನೆಯ ಪಾಠ

ಕಳೆದ ವರ್ಷ ಒಂದು ಸೋಮವಾರ ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೋಗಿದ್ದೆ. ಗುಡಿಯ ಅಂಗಳದಲ್ಲಿ ಕಂಪ್ಲಿಯ ರೈಸ್ ಮಿಲ್ ಸಾಹುಕಾರರು ಸಿಕ್ಕರು. ಪ್ರತಿ ಸೋಮವಾರ ಬರುವವರು. ಕೈತುಂಬ ಬಾಳೆಹಣ್ಣು, ಹಣೆತುಂಬ ವಿಭೂತಿ, ಮಾತು ಮಾತ್ರ ಬಿಗಿ.

“ಅಕ್ಕಾರ, ಒಂದು ಶಾಲಿಗೆ ಟಚ್ ಬೋರ್ಡ್ ಕೊಡ್ತೀನಂತ ಸ್ವಾಮಿ ಮುಂದ ಬೇಡ್ಕೊಂಡೀನಿ. ಯಾವ ಶಾಲಿಗೆ ಕೊಡ್ಲಿ ಅನ್ನೋದು ನೀವು ಹೇಳ್ರಿ” ಎಂದರು.

ಟಚ್ ಬೋರ್ಡ್ ಎಂದರೆ ಟಿ.ವಿ.ಯ ಹಾಗೆ ಬೆಳಗುವ ದೊಡ್ಡ ಬೋರ್ಡು. ಬೆರಳು ಮುಟ್ಟಿಸಿದರೆ ಚಿತ್ರ ಜರುಗುತ್ತದೆ, ಗೆರೆ ಬೀಳುತ್ತದೆ. ನಮ್ಮ ಕಡೆಯ ಶಾಲೆಗಳಿಗೆ ಅದು ಸಿಕ್ಕರೆ ಹಬ್ಬವೇ. “ಭಾಳ ಪುಣ್ಯದ ಕೆಲಸ್ರಿ. ಇದರಿಂದ ಮಕ್ಕಳ ಸರ್ವತೋಮುಖ ಬೆಳವಣಿಗೆಗೆ...” ಎಂದು ಶುರು ಮಾಡಿದೆ.

ಸಾಹುಕಾರರು ಕೈ ಎತ್ತಿದರು. “ಬೆಳವಣಿಗಿ ನನಗ ಕಾಣಂಗಿಲ್ರಿ. ಇಲ್ಲಿ ನೋಡ್ರಿ.” ಗುಡಿಯ ಆನೆಗೆ ಒಂದು ಬಾಳೆಹಣ್ಣು ಕೊಟ್ಟರು. ಆನೆ ಹಣ್ಣು ಬಾಯಿಗಿಟ್ಟುಕೊಂಡು, ಸೊಂಡಿಲನ್ನು ಅವರ ತಲೆಯ ಮೇಲಿಟ್ಟು ಆಶೀರ್ವಾದ ಮಾಡಿತು. “ಈ ಆನಿ ಕಲ್ತೈತೋ ಇಲ್ಲೋ ಅಂತ ಯಾರಿಗಾದ್ರೂ ಅನುಮಾನ ಐತೇನು? ಹಂಗ ಬರೀರಿ. ಬೋರ್ಡು ಬಂದ್ರ ಮಕ್ಕಳಿಗೆ ಏನು ಬರ್ತೈತಿ ಅಂತ ಒಂದೇ ಮಾತು. ನಾನು ಬಂದು ಕುಂತಾಗ ಅದು ನನ್ನ ಕಣ್ಣಿಗೆ ಕಾಣಬೇಕು. ಅಂಗಡಿಯವರು ಒಂದು ದಿನದ ಮಟ್ಟಿಗೆ ಬೋರ್ಡು ತಂದು ಹಚ್ಚಿ ತೋರಸ್ತಾರ. ಕಂಡ್ರ ಅಲ್ಲೇ ಬಿಟ್ಟು ಬರ್ತೀನಿ. ಕಾಣ್ಲಿಲ್ಲ ಅಂದ್ರ ಬೋರ್ಡು ವಾಪಸ್ ಅಂಗಡಿಗೆ. ನಾನು ಗುಡಿಗೆ ಗಂಟಿ ಮಾಡಸ್ತೀನಿ.”

ವರ್ಷಗಟ್ಟಲೆ ನಾನು ತರಬೇತಿಯಲ್ಲಿ ಹೇಳುತ್ತ ಬಂದದ್ದನ್ನು ಅವರು ಒಂದು ಬಾಳೆಹಣ್ಣಿನಲ್ಲಿ ಹೇಳಿ ಮುಗಿಸಿದ್ದರು. ಸಂತೋಷದಿಂದ ನಾನೂ ಒಂದು ಹಣ್ಣು ತೆಗೆದುಕೊಂಡು ಆನೆಗೆ ಕೊಟ್ಟೆ, ತಲೆ ಬಾಗಿಸಿ ನಿಂತೆ. ಆನೆ ಹಣ್ಣು ತಿಂದು, ಕಿವಿ ಬೀಸಿಕೊಂಡು, ಮುಖ ಆ ಕಡೆ ತಿರುಗಿಸಿತು.

ಸಾಹುಕಾರರು ನಗಲಿಲ್ಲ. “ಇಂಥಾ ಹುಡುಗ್ರೂ ಇರ್ತಾವ್ರಿ ಅಕ್ಕಾರ. ಅವಕ್ಕೂ ಏನಾರ ಬರ್ದಿಡ್ರಿ” ಎಂದರು.

ಹೊಸಪೇಟೆಯಲ್ಲಿ ನನ್ನ ಪರೀಕ್ಷೆ

ಬೋರ್ಡಿನ ಸುದ್ದಿ ನಾನು ಮನೆ ಮುಟ್ಟುವ ಮೊದಲೇ ಊರೂರು ಮುಟ್ಟಿತ್ತು. ಸಂಜೆಗೇ ಮೆಟ್ರಿಯ ಶಾಲೆಯ ಹೆಡ್ ಮೇಡಂ ಫೋನು ಮಾಡಿದರು. ಕಂಪ್ಲಿ ತಾಲೂಕಿನ ಸಣ್ಣ ಊರು ಅದು, ಸುತ್ತ ಭತ್ತದ ಗದ್ದೆ. ಮೇಡಂ ಒಳ್ಳೆಯ ಹೆಂಗಸು. ಕಂಬಿಯ ಹಾಗೆ ನೆಟ್ಟಗೆ.

“ಅಕ್ಕಾರ, ನಮ್ಮೂರ ಮಕ್ಕಳು ಒಬ್ಬೊಬ್ರೇ ಹಳದಿ ವ್ಯಾನ್ ಹತ್ತಿ ಪ್ಯಾಟಿ ಸಾಲಿಗೆ ಹೋಗಾಕ ಹತ್ಯಾರ. ವ್ಯಾನ್ ನಮ್ಮ ಗೇಟಿನ ಮುಂದನ ನಿಂದರ್ತೈತ್ರಿ. ನನ್ನ ಮಕ್ಕಳು ಪ್ರಾರ್ಥನಾ ಮಾಡ್ಕೋತ ಅದನ್ನ ನೋಡ್ತಿರ್ತಾವ. ಬೋರ್ಡು ಬಂದ್ರ ಉಳೀತಾರ. ನಮ್ಮನ್ನ ಮರೀಬ್ಯಾಡ್ರಿ” ಎಂದರು. ಸ್ವಲ್ಪ ತಡೆದು, “ಮನ್ಯಾಗಿನ ದೇವರ ಜಗಲಿ ಮುಂದ ಒಂದು ದೀಪಾನೂ ಹಚ್ಚೀನ್ರಿ” ಎಂದರು. ದೀಪದ ಮಾತು ಬಂದ ಮೇಲೆ ನನ್ನ ಕೈ ಕಟ್ಟಿದಂತಾಯಿತು. ಆದರೂ ನ್ಯಾಯ ನ್ಯಾಯವೇ. ಬೋರ್ಡು ಬೇಕೆಂದು ಕೇಳಿದ್ದ ನಾಲ್ಕು ಶಾಲೆಗಳವರನ್ನೂ ಹೊಸಪೇಟೆಗೆ ಕರೆದು, ಉದ್ದೇಶ ಬರೆಯುವ ತರಬೇತಿ ಇಟ್ಟೆ.

ಹೊಸಪೇಟೆ ಶಾಲೆಯ ಗಣಿತದ ಸರ್ ಮೊದಲು ಬರೆದು ತಂದರು. ‘ಮಕ್ಕಳು ಭಿನ್ನರಾಶಿಯನ್ನು ಆನಂದಿಸುವರು.’

“ಆನಂದಿಸಿದರು ಅಂತ ಹೆಂಗ ಗೊತ್ತಾಗ್ತೈತ್ರಿ ಸರ್?”

“ನಗ್ತಾರ್ರಿ.”

“ನಗಲಿಲ್ಲ ಅಂದ್ರ?”

“ನಾ ಒಂದು ಸಲ ಜೋರು ಮಾಡಿದ್ರ ಎಲ್ಲಾರೂ ನಗ್ತಾರ್ರಿ” ಎಂದರು. ತಿದ್ದಿ ಬರೆಯಿರಿ ಎಂದೆ. ‘ಮಕ್ಕಳು ಕಣ್ಣಿಗೆ ಕಾಣುವಂತೆ ಆನಂದಿಸುವರು’ ಎಂದು ತಿದ್ದಿ ತಂದರು.

‘ಆನಂದಿಸು, ಅರಿತುಕೋ, ಮೆಚ್ಚಿಕೋ ಇವೆಲ್ಲ ಒಳಗೆ ನಡೆಯುವ ಕೆಲಸ. ನಮಗೆ ಹೊರಗೆ ಕಾಣುವ ಕೆಲಸ ಬೇಕು: ಹೇಳುವುದು, ಅಳೆಯುವುದು, ತೋರಿಸುವುದು’ ಎಂದು ನಾನು ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. ಸರ್ ಮೆಲ್ಲಗೆ ಕೈ ಎತ್ತಿದರು.

“ಅಕ್ಕಾರ, ತಪ್ಪು ತಿಳ್ಕೋಬ್ಯಾಡ್ರಿ. ನೀವು ದಿನಾ ಪೂಜಿ ಮಾಡ್ತೀರಿ. ಅದರ ಉದ್ದೇಶ ಒಂದು ಬರೀರಿ, ನಾವೂ ಕಲೀತೀವಿ.”

ಕೋಣೆಯಲ್ಲಿ ಎಲ್ಲರೂ ನೆಟ್ಟಗೆ ಕೂತರು. ನಾನು ‘ಭಕ್ತಿ ಹೆಚ್ಚುವುದು’ ಎಂದು ಬರೆದೆ. “ಕಾಣಂಗಿಲ್ರಿ” ಎಂದರು ಎಲ್ಲರೂ ಒಟ್ಟಿಗೆ. ‘ಮನಸ್ಸು ತಿಳಿಯಾಗುವುದು’ ಎಂದೆ. “ಒಳಗ ನಡೀತೈತ್ರಿ ಅದು.” ಶಿವನನ್ನು ನೆನೆದು ಕೊನೆಗೆ ಬರೆದೆ: ‘ಪೂಜೆ ಮುಗಿಸಿದವರು ಆ ಬೆಳಿಗ್ಗೆ ಸೊಸೆಯ ಮೇಲೆ ರೇಗುವುದಿಲ್ಲ.’

ಚಪ್ಪಾಳೆ ಬಿತ್ತು. ಇಷ್ಟು ಸ್ಪಷ್ಟವಾದ ಉದ್ದೇಶವನ್ನು ನಾನು ಅದುವರೆಗೆ ಬರೆದಿರಲಿಲ್ಲ. ಮನೆಗೆ ಬಂದು ಸೊಸೆಗೆ ಎಲ್ಲವನ್ನೂ ಹೇಳಿ, “ಹೆಂಗವ್ವ, ಇವತ್ತು ಬೆಳಿಗ್ಗೆ ನಾನು ಪಾಸೋ ಫೇಲೋ?” ಎಂದು ಕೇಳಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಒಂದು ದಿನ ನೋಡಿ ಅಂಕ ಕೊಡಾಕ ಬರಂಗಿಲ್ಲ ಅತ್ತಿ. ನೀವೇ ಹೇಳ್ತೀರಲ್ಲ, ನಿರಂತರ ಮೌಲ್ಯಮಾಪನ ಆಗ್ಬೇಕಂತ” ಎಂದಳು.

ಸಂಡೂರಿನ ಪ್ರೊಜೆಕ್ಟರ್ ಹೊದ್ದ ಶಾಲು

ಬರೆದದ್ದು ಸಾಲದು, ಈಗ ಇರುವ ಸಾಧನವನ್ನು ಹೇಗೆ ಬಳಸುತ್ತಾರೆ ಎಂದೂ ನೋಡಬೇಕು. ಮೊದಲು ಸಂಡೂರಿಗೆ ಹೋದೆ. ಅಲ್ಲಿ ಗುಡ್ಡ ಎಷ್ಟು ಹಸಿರೋ ರಸ್ತೆ ಅಷ್ಟೇ ಕೆಂಪು. ಅದಿರಿನ ಧೂಳು ಬಾಗಿಲು ಹಾಕಿದರೂ ಒಳಗೆ ಬಂದು ಕೂರುತ್ತದೆ. ಬಿಳಿ ಸೀರೆಯುಟ್ಟು ಹೋಗಿ ಗುಲಾಬಿ ಸೀರೆಯಲ್ಲಿ ವಾಪಸು ಬರುವ ಊರು.

ಅಲ್ಲಿನ ಹೆಡ್ ಮಾಸ್ತರರು ಸಾಧು ಮನುಷ್ಯರು. ಅವರ ಶಾಲೆಗೆ ಹಿಂದೆಯೇ ಒಂದು ಪ್ರೊಜೆಕ್ಟರ್ ಬಂದಿತ್ತು. “ನಾವು ಯಂತ್ರಾನ ಭಾಳ ಚಂದ ಇಟ್ಕೊಂಡೀವ್ರಿ. ಬರ್ರಿ, ಕುಂದ್ರಿ, ವಿಜ್ಞಾನದ ಪಾಠ ಐತಿ, ನೋಡ್ರಿ” ಎಂದು ತರಗತಿಗೆ ಕರೆದೊಯ್ದರು.

ಬೀರು ತೆರೆದರು. ಒಳಗೆ ಒಂದು ಟ್ರಂಕು. ಟ್ರಂಕಿಗೆ ಬೀಗ, ಬೀಗಕ್ಕೆ ಪ್ಲಾಸ್ಟಿಕ್ ಕವರು. ಟ್ರಂಕಿನೊಳಗೆ ಒಂದು ಗಂಟು. ಮೊದಲು ಒಂದು ಬೆಡ್‌ಶೀಟು ಬಿಚ್ಚಿದರು. ಅದರೊಳಗೆ ಸಿಮೆಂಟಿನ ಚೀಲ, ತೊಳೆದದ್ದು. ಅದರೊಳಗೆ ಯಾವುದೋ ಸನ್ಮಾನದಲ್ಲಿ ತಮಗೆ ಹೊದಿಸಿದ್ದ ಜರಿಯಂಚಿನ ಶಾಲು. ಶಾಲನ್ನು ಬಿಚ್ಚುವಾಗ ಮಾಸ್ತರರು ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿದರು. ಒಳಗೆ ಇನ್ನೂ ಒಂದು ಪಂಚೆ. ಮಕ್ಕಳು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದರು. ಅಂತೂ ಪ್ರೊಜೆಕ್ಟರ್ ಹೊರಬಂತು. ಫಳಫಳ ಹೊಳೆಯಿತು. ಮಾಸ್ತರರು ಅದಕ್ಕೊಂದು ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಪಿರಿಯಡ್ ಮುಗಿದ ಗಂಟೆ ಹೊಡೆಯಿತು.

ಮಾಸ್ತರರು ಬೇಸರ ಮಾಡಿಕೊಳ್ಳದೆ ಮತ್ತೆ ಪಂಚೆ ಸುತ್ತತೊಡಗಿದರು. ಮುಂದಿನ ಸಾಲಿನ ಮಕ್ಕಳು ಬಂದು, ಒಬ್ಬರು ಶಾಲಿನ ತುದಿ, ಒಬ್ಬರು ಚೀಲದ ಬಾಯಿ ಹಿಡಿದು ಎಷ್ಟು ಚೊಕ್ಕವಾಗಿ ಗಂಟು ಕಟ್ಟಿದರೆಂದರೆ, ಮಠದಲ್ಲಿ ಬುತ್ತಿ ಕಟ್ಟುವವರೂ ಮೆಚ್ಚಬೇಕು.

“ಟಚ್ ಬೋರ್ಡಿಗೆ ನೀವು ಬರೆದ ಉದ್ದೇಶ ಕೊಡ್ರಿ ಸರ್” ಎಂದೆ. ನಾನು ಹೇಳಿದಂತೆಯೇ ಬರೆದಿದ್ದರು. ಸ್ಪಷ್ಟವಾಗಿ, ಕಣ್ಣಿಗೆ ಕಾಣುವಂತೆ, ಅಳತೆಗೆ ಸಿಗುವಂತೆ, ಒಂದೇ ವಾಕ್ಯದಲ್ಲಿ. ‘ಮಕ್ಕಳು ಟಚ್ ಬೋರ್ಡನ್ನು ಮುಟ್ಟದೆ ಕುಳಿತುಕೊಳ್ಳುವರು.’

ಟಿಪ್ಪರಿನಲ್ಲಿ ಓದಿದ ಪಾಠ

ಗಾದಿಗನೂರಿನ ಶಾಲೆಯಲ್ಲಿ ಹುರುಪಿನ ಒಬ್ಬ ಕನ್ನಡದ ಟೀಚರ್ ಇದ್ದಾರೆ. ಅವರ ಉದ್ದೇಶ ನೋಡಿ ನನಗೆ ಕೈಮುಗಿಯಬೇಕೆನಿಸಿತು. ‘ಮಗು ಒಂದು ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದುವುದು.’ ಸಾಧನವೂ ಅಷ್ಟೇ ಸರಳ. ಮನೆಯಲ್ಲಿರುವ ಮೊಬೈಲು. ಮಗು ಓದಬೇಕು, ಧ್ವನಿ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಟೀಚರಿಗೆ ಕಳಿಸಬೇಕು. ಓದು ಸರಿಯಿದ್ದರೆ ಟೀಚರ್ ಒಂದು ನಕ್ಷತ್ರ ಕಳಿಸುತ್ತಾರೆ.

“ಎಲ್ಲಾ ಚಲೋ ನಡದೈತ್ರಿ. ಒಂದು ಮನಿದು ಮಾತ್ರ ಏನು ಮಾಡ್ಲಿ ತಿಳೀವಲ್ದು. ಕೇಳ್ರಿ” ಎಂದು ಫೋನನ್ನು ನನ್ನ ಕಿವಿಗೆ ಹಿಡಿದರು.

ನವಿಲಿನ ಮೇಲಿನ ಪಾಠ. ಓದುತ್ತಿದ್ದ ದನಿ ಗಂಡಸಿನದು, ಒಡೆದ ಹಂಡೆಯ ಹಾಗಿತ್ತು. ‘ನವಿಲು... ಗರಿ... ಗರಿಬಿಚ್ಚಿ...’ ನಡುವೆ ಭೋಂ ಎಂದು ಹಾರ್ನು. ಯಾರನ್ನೋ ಕುರಿತು, ‘ಲೇ, ರಿವರ್ಸ್ ತಗೋಳೋ, ಓದಾಕ ಹತ್ತೀನಿ ಕಾಣಂಗಿಲ್ಲೇನು?’ ಮತ್ತೆ, ‘ಗರಿಬಿಚ್ಚಿ ಕುಣಿಯಿತು.’

ವಿಷಯ ಏನೆಂದರೆ, ಆ ಮನೆಯಲ್ಲಿ ಇರುವುದು ಒಂದೇ ಮೊಬೈಲು. ಅದು ಟಿಪ್ಪರ್ ಓಡಿಸುವ ಅಪ್ಪನ ಜೇಬಿನಲ್ಲಿ ಬೆಳಿಗ್ಗೆಯೇ ಗಣಿಗೆ ಹೋಗುತ್ತದೆ. ಹೋಂವರ್ಕ್ ಅವನ ಫೋನಿಗೆ ಬರುತ್ತದೆ, ಅದಿರು ತುಂಬಿಸಿಕೊಳ್ಳಲು ಗಾಡಿ ಸಾಲಿನಲ್ಲಿ ನಿಂತಾಗ ಅವನೇ ಓದಿ ಕಳಿಸುತ್ತಾನೆ.

“ಮಗಳ ಕಡೆ ಓದಸ್ರಿ ಅಂತ ಹೇಳ್ಲಿಲ್ಲೇನ್ರಿ?” ಎಂದು ಕೇಳಿದೆ.

“ಹೇಳಿದ್ನಿರಿ. ‘ಅಕಿಗೆ ಬರ್ತೈತಿ ಬಿಡ್ರಿ ಟೀಚರ್, ನನಗ ಬರ್ತಿರಲಿಲ್ಲ’ ಅಂದ. ಮೊದ್ಲ ದಿನದ್ದು ಕೇಳಿದ್ರ ನಿಮಗ ಅಳು ಬರ್ತಿತ್ತು. ಒಂದು ಸಾಲಿಗೆ ಅಷ್ಟು ಹೊತ್ತು ತಗೊಂಡಿದ್ದ. ಈಗ ನೋಡ್ರಿ, ಇಡೀ ಪುಟ ಓದ್ತಾನ. ಅವನ ಹಿಂದ ನಿಂತ ಗಾಡಿಯವನೂ ಕಲ್ಯಾಕ ಹತ್ಯಾನಂತ.”

ಮಗಳನ್ನು ಕರೆದು ಓದಿಸಿದೆವು. ಹರಿಯುವ ನೀರಿನ ಹಾಗೆ ಓದಿದಳು. “ಮತ್ಯಾಕವ್ವ ನೀನು ಕಳಸಂಗಿಲ್ಲ?” ಎಂದರೆ, “ನಕ್ಷತ್ರ ಬಂದ್ರ ನಮ್ಮಪ್ಪ ಭಾಳ ಖುಷಿ ಆಗ್ತಾನ್ರಿ. ನಾನು ಓದಿದ್ರ ಅವನಿಗೆ ಬರಂಗಿಲ್ಲಲ್ಲ” ಎಂದಳು.

ಅಷ್ಟರಲ್ಲಿ ಫೋನು ಟಣ್ ಎಂದಿತು. ಅಪ್ಪನದೇ ಸಂದೇಶ, ತಾನೇ ಬರೆದದ್ದು. ‘ಟೀಚರ್, ನವಿಲು ಮುಗೀತು. ನಿನ್ನೆದಕ್ಕ ನಕ್ಷತ್ರ ಬಂದಿಲ್ಲ.’

ಅವರಿಗೆ ಬೋರ್ಡು ಇನ್ನೂ ಬೇಕೋ ಎಂದು ನಾನು ಕೇಳುವ ಮೊದಲೇ ಟೀಚರ್ ಕೈಮುಗಿದರು. “ಬ್ಯಾಡ್ರಿ ಅಕ್ಕಾರ. ಈ ಮೊಬೈಲಿನಾಗ ನಾ ಹಚ್ಚಿದ ಮಗು ಬ್ಯಾರೆ, ಕಲಿತ ಮಗು ಬ್ಯಾರೆ. ಅಷ್ಟು ದೊಡ್ಡ ಬೋರ್ಡು ಬಂದ್ರ ಯಾರ್ಯಾರು ಕಲೀತಾರೋ ಏನೋ.”

ಮೆಟ್ರಿಯ ನಕಾಶೆ

ಹೊಸಪೇಟೆಯ ಸರ್ ‘ಆನಂದ’ ಬಿಟ್ಟು ಕೆಳಗೆ ಇಳಿಯಲಿಲ್ಲ. ಉಳಿದದ್ದು ಮೆಟ್ರಿ. ಹೆಡ್ ಮೇಡಂ ಬರೆದಿಟ್ಟ ಉದ್ದೇಶ ಓದಿದೆ. ‘ಮಕ್ಕಳು ವಿಶ್ವದ ಸಮಸ್ತ ಜ್ಞಾನವನ್ನು ಪಡೆಯುವರು.’

“ಮೇಡಂ, ಸಾಹುಕಾರರು ಒಂದು ತಾಸು ಕುಂದರ್ತಾರ ಅಷ್ಟೇ” ಎಂದೆ. ಅವರ ಮುಖ ಸಪ್ಪಗಾಯಿತು. ಹೊರಗೆ ಹಳದಿ ವ್ಯಾನು ಬಂದು ನಿಂತ ಸದ್ದು ಕೇಳಿಸಿತು. ಮೇಡಂ ಕಿಟಕಿಯ ಕಡೆ ನೋಡಲಿಲ್ಲ, ಆದರೆ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಬೋರ್ಡಿನಿಂದ ಏನಾಗುತ್ತದೆ ಎನ್ನುವುದನ್ನು ಬಿಡಿ, ಅದಿಲ್ಲದೆ ನಿಮಗೆ ಏನು ಆಗುತ್ತಿಲ್ಲ ಎಂದು ಹೇಳಿ ಎಂದೆ. ಅವರು ಎದ್ದು ಗೋಡೆಯ ನಕಾಶೆ ತೋರಿಸಿದರು. ನಮ್ಮ ಭಾಗದ್ದೇ ದೊಡ್ಡ ನಕಾಶೆ. ಡ್ಯಾಮು ಇದೆ, ನದಿ ಇದೆ, ಕಾಲುವೆ ಇದೆ. ಮೆಟ್ರಿ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ತೂತು.

“ಇದೇನ್ರಿ, ಇಲಿ ಕಡೀತೇನು?”

“ಬೆರಳ್ರಿ. ಬಂದವರೆಲ್ಲ ‘ನಿಮ್ಮೂರು ಎಲ್ಲೈತಿ ತೋರಸು’ ಅಂತಾರ. ಮಕ್ಕಳು ಬೆರಳಿಟ್ಟು ಇಟ್ಟು ಊರೇ ಸವದು ಹೋತು. ಹೋದ ವರ್ಷ ಒಬ್ಬ ಅಧಿಕಾರಿ ಬಂದು ಕೇಳಿದ್ರು. ನಮ್ಮ ಹುಡುಗಿ ಬೆರಳು ಇಟ್ಲು, ಬೆರಳು ಒಳಗ ಹೋತು. ‘ಎಲ್ಲೈತವ್ವ ಮೆಟ್ರಿ?’ ಅಂದ್ರ, ‘ಗ್ವಾಡಿಯಾಗ ಐತ್ರಿ’ ಅಂದ್ಲು.”

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ನನಗೇ ಹೊಳೆಯಿತು, ಇದೇ ಉದ್ದೇಶ ಎಂದು. ಕಾಲುವೆಯ ಪ್ರತಿ ತಿರುವೂ ಗೊತ್ತಿರುವ ಮಕ್ಕಳು, ಅದರಲ್ಲಿ ಈಜಿದವರು. ಆದರೆ ನಕಾಶೆಯ ಮೇಲೆ ಅದೇ ಕಾಲುವೆ ಅವರಿಗೆ ಗುರುತು ಸಿಗದು. ಇಬ್ಬರೂ ಕೂತು ಬರೆದೆವು. ‘ಡ್ಯಾಮಿನಿಂದ ನಮ್ಮೂರ ಗದ್ದೆಗೆ ನೀರು ಬರುವ ದಾರಿಯನ್ನು ಮಗು ನಕಾಶೆಯ ಮೇಲೆ ಬೆರಳಿಟ್ಟು ತೋರಿಸುವುದು.’ ಟಚ್ ಬೋರ್ಡೇ ಯಾಕೆ ಎಂದರೆ ಉತ್ತರ ಗೋಡೆಯಲ್ಲೇ ಇತ್ತು.

ಮೇಡಂ ಎರಡು ಸಲ ಓದಿಕೊಂಡರು. “ಎಷ್ಟು ಬೆರಳು ಇಟ್ರೂ ಇದರಾಗ ಊರು ಉಳೀತೈತಲ್ರಿ?” ಎಂದು ಖಾತ್ರಿ ಮಾಡಿಕೊಂಡರು.

ಹೂವಿನ ಹಾರ

ಹೊಸಪೇಟೆಯ ಅಂಗಡಿಯಿಂದ ಬೋರ್ಡು ಬಂತು. ಜೊತೆಗೆ ಅಂಗಡಿಯ ಇಂಜಿನಿಯರ್ ಬಂದು ಗೋಡೆಗೆ ಹಚ್ಚಿದರು. ಸಾಹುಕಾರರು ಬಿಳಿ ಅಂಗಿ, ಬಿಳಿ ಧೋತರದಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಐದನೇ ತರಗತಿಯ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ಕೂತಿದ್ದರು.

ಹೊಸ ಯಂತ್ರವನ್ನು ನಮ್ಮ ಕಡೆ ಹಾಗೇ ಶುರು ಮಾಡುವುದಿಲ್ಲ. ಟ್ರ್ಯಾಕ್ಟರ್ ಬಂದರೂ ಪೂಜೆ, ಮಿಕ್ಸರ್ ಬಂದರೂ ಪೂಜೆ. ನಾನು ಬೆಳಿಗ್ಗೆಯೇ ಹೂವಿನ ಮಾರ್ಕೆಟ್ಟಿನಿಂದ ಚೆಂಡುಹೂವಿನ ಭರ್ತಿ ಹಾರ ತಂದಿದ್ದೆ. ಬೋರ್ಡಿನ ಚೌಕಟ್ಟಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಮೇಲಿನ ಎರಡು ಮೂಲೆಗೆ ಹಾರವನ್ನು ಇಳಿಬಿಟ್ಟೆ. ಕಾಯಿ ಒಡೆದೆವು. ಸಾಹುಕಾರರು, “ಹಿಂಗಿರಬೇಕು ನೋಡ್ರಿ. ನಮ್ಮ ಮಿಲ್ಲಿನಾಗೂ ಹಾರ ಇಲ್ಲದ ಮಷಿನ್ ಇಲ್ಲ” ಎಂದು ಮೆಚ್ಚಿದರು. ಇಂಜಿನಿಯರ್ ಏನೋ ಹೇಳಲು ಬಾಯಿ ತೆರೆದರು. ಅವರ ಬಾಯಿಗೆ ನಾನು ಕೊಬ್ಬರಿ ಚೂರು ಹಾಕಿದೆ.

ಬೋರ್ಡು ಬೆಳಗಿತು. ನಕಾಶೆ ಮೂಡಿತು. ನೀಲಿ ಡ್ಯಾಮು, ನೀಲಿ ಗೆರೆಯ ಕಾಲುವೆ, ಮೆಟ್ರಿ. ಸೆಕೆಯೆಂದು ಯಾರೋ ಫ್ಯಾನು ಹಾಕಿದರು.

ಮೇಡಂ ಒಬ್ಬ ಹುಡುಗಿಯನ್ನು ಕರೆದು, “ಡ್ಯಾಮಿನಿಂದ ನಮ್ಮೂರಿಗೆ ನೀರು ಬರೋ ದಾರಿ ತೋರಸವ್ವ” ಎಂದರು. ಅವಳು ಕೈ ಎತ್ತುವಷ್ಟರಲ್ಲಿ ನಕಾಶೆ ಎಡಕ್ಕೆ ಜಾರಿತು. ಡ್ಯಾಮು ಹೋಯಿತು. ಆಂಧ್ರ ಬಂತು. ಆಮೇಲೆ ಬಂಗಾಳ ಕೊಲ್ಲಿ. ಆಮೇಲೆ ನೀಲಿ ನೀರು ಬಿಟ್ಟು ಬೇರೇನೂ ಇಲ್ಲ.

ಮೇಡಮ್ಮಿನ ಮುಖ ಬೋರ್ಡಿನಷ್ಟೇ ಖಾಲಿ. ಇಂಜಿನಿಯರ್ ಬಾಯಲ್ಲಿದ್ದ ಕೊಬ್ಬರಿ ಅಗಿಯುತ್ತ ತಮ್ಮ ಲ್ಯಾಪ್‌ಟಾಪಿನ ಗುಂಡಿಗಳನ್ನೆಲ್ಲ ಒತ್ತತೊಡಗಿದರು. ನಾನು ಕಣ್ಣು ಮುಚ್ಚಿ, ವಿರೂಪಾಕ್ಷ, ಹೂವು ನಿನಗೆ ಹಾಕಿದ್ದು, ಆಟ ಈ ಮಕ್ಕಳ ಮೇಲೆ ಯಾಕಪ್ಪ ಎಂದೆ.

ಕಣ್ಣು ತೆರೆದಾಗ ಹುಡುಗಿ ಎರಡೂ ಅಂಗೈ ಊರಿ ನಕಾಶೆಯನ್ನು ಎಳೆಯುತ್ತಿದ್ದಳು, ಗದ್ದೆಗೆ ನುಗ್ಗಿದ ಎಮ್ಮೆಯನ್ನು ಎಳೆಯುವ ಹಾಗೆ. ದಡ ಸಿಕ್ಕಿತು. “ಇದು ಕೃಷ್ಣಾ ಸಮುದ್ರ ಸೇರೋ ಜಾಗ” ಎಂದಳು. ಬೆರಳು ನದಿಯ ಮೇಲೆ ಹತ್ತಿತು. “ಇಲ್ಲಿ ನಮ್ಮ ತುಂಗಭದ್ರಾ ಕೂಡ್ತೈತಿ. ಇದು ಡ್ಯಾಮು. ಇದು ಕಾಲುವಿ. ಇಲ್ಲಿ ಬಂತ್ರಿ ಮೆಟ್ರಿ.” ಸಾಹುಕಾರರು ಕುರ್ಚಿಯ ಅಂಚಿಗೆ ಬಂದರು.

ಫ್ಯಾನು ಒಂದು ಸುತ್ತು ಬೀಸಿತು. ನಕಾಶೆ ಈ ಸಲ ಆ ಕಡೆ ಓಡಿತು. ಗೋವಾ, ಅರಬ್ಬೀ ಸಮುದ್ರ.

“ಲೇ, ಊರು ಓಡಿ ಹೋತಲೇ!” ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. “ನಾ ತರ್ತೀನ್ರಿ ಮೇಡಂ” ಎಂದು ಎದ್ದು ಬಂದ. ಅವನು ಸಮುದ್ರದಿಂದ ಶುರು ಮಾಡಿ ದಾರಿ ತಪ್ಪಿದ. “ಸೊಲ್ಲಾಪುರಕ್ಕ ಯಾಕ ಹೊಂಟಿಯೋ, ಕೆಳಗ ಬಾ” ಎಂದು ಗೆಳತಿಯರು ಹಂಗಿಸಿದರು. ಹುಡುಕಿ ಹುಡುಕಿ ಅವನೂ ಡ್ಯಾಮು ಹಿಡಿದ, ಕಾಲುವೆ ಹಿಡಿದ, ಊರು ಮುಟ್ಟಿದ. ಮತ್ತೆ ಓಡಿತು. ಇನ್ನೊಬ್ಬಳು ಎದ್ದಳು. ಊರು ಒಂದು ಸಲ ಶ್ರೀಲಂಕಾದವರೆಗೂ ಹೋಗಿತ್ತು, ಅಲ್ಲಿಂದಲೂ ಹಿಡಿದು ತಂದರು. ಬಾಯಿ ಬಿಡಲು ಅಂಜುತ್ತಿದ್ದ ಮಕ್ಕಳು, “ನದಿ ಹಿಡ್ಕೋ, ನದಿ ಬಿಡಬ್ಯಾಡ” ಎಂದು ಒಬ್ಬರಿಗೊಬ್ಬರು ದಾರಿ ಹೇಳುತ್ತಿದ್ದರು.

ಕೊನೆಗೆ ಸಾಹುಕಾರರೇ ಎದ್ದರು. ಧೋತರದ ಚುಂಗು ಸಿಕ್ಕಿಸಿಕೊಂಡು ಬೋರ್ಡಿಗೆ ಕೈ ಹಾಕಿದರು. ಹಾಕಿದ ಕೂಡಲೇ ನೀರಿನಲ್ಲಿ ಮುಳುಗಿದರು.

“ಸಾಹುಕಾರ್ರ, ಬಂಗಾಳ ಕೊಲ್ಲಿಯಾಗ ಅದೀರಿ. ಎಡಕ್ಕ ಬರ್ರಿ” ಎಂದಳು ಮೊದಲಿನ ಹುಡುಗಿ.

“ಬಂದ್ನವ್ವ. ಈಗ?”

“ನದಿ ಮ್ಯಾಲ ಹತ್ರಿ. ಹಂಗ. ಸಾವಕಾಶ. ಅದು ನಿಮ್ಮ ಕಂಪ್ಲಿ, ದಾಟಿ ಬರ್ರಿ, ಡ್ಯಾಮಿಗೆ ಹೋಗಿ ಕಾಲುವಿ ಹಿಡೀರಿ.”

ಸಾಹುಕಾರರ ಬೆರಳು ಮೆಟ್ರಿ ಮುಟ್ಟಿದಾಗ ಇಡೀ ತರಗತಿ ಚಪ್ಪಾಳೆ ಹೊಡೆಯಿತು. ಅವರ ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು, ಮುಖ ಮಾತ್ರ ಅರಳಿತ್ತು.

ಅಷ್ಟರಲ್ಲಿ ಇಂಜಿನಿಯರಿಗೆ ಕೊಬ್ಬರಿಯೂ ಮುಗಿದು, ವಿಷಯವೂ ಹೊಳೆದು, ಅವರು ಬಂದು ಹಾರವನ್ನು ಮೇಲಕ್ಕೆತ್ತಿ ತೆಗೆದರು. ನಕಾಶೆ ಗಪ್ಪನೆ ನಿಂತುಬಿಟ್ಟಿತು. ಮೇಡಂ ಇನ್ನೊಬ್ಬಳನ್ನು ಕರೆದರು. ಡ್ಯಾಮು, ಕಾಲುವೆ, ಊರು. ಬೆರಳಿಟ್ಟಳು, ತೋರಿಸಿದಳು, ಹೋಗಿ ಕೂತಳು. ತರಗತಿ ತಣ್ಣಗಾಯಿತು.

“ಯಾಕ ನಿಂತ್ತು? ಕೆಡಿಸಿದ್ಯೇನಪ?” ಎಂದರು ಸಾಹುಕಾರರು.

“ಇಲ್ರಿ, ಈಗ ಸರಿ ಆತು. ಗಾಜಿನ ಮುಂದ ಕಣ್ಣಿಗೆ ಕಾಣದ ಬೆಳಕಿನ ಎಳಿ ಇರ್ತಾವ್ರಿ. ಏನು ಅಡ್ಡ ಬಂದ್ರೂ ಬೋರ್ಡು ಅದನ್ನ ಬೆರಳು ಅಂತ ತಿಳ್ಕೊಂತೈತಿ. ಹಾರ ಅಳ್ಳಾಡಿದಂಗೆಲ್ಲ ಅದಕ್ಕ ಯಾರೋ ತಳ್ಳಿದಂಗ ಆಗ್ತಿತ್ತು.”

ನಾನು ಎದ್ದು ನಿಂತೆ. “ಸಾಹುಕಾರ್ರ, ಊರು ಓಡಿದ್ದು ನಮ್ಮ ಪಾಠದಾಗ ಇರಲಿಲ್ಲ. ಅದು ನಾ ಹಾಕಿದ ಹಾರದ ಕೆಲಸ” ಎಂದೆ. ಸುಳ್ಳಿನ ಮೇಲೆ ಬೋರ್ಡು ಬರುವುದಕ್ಕಿಂತ ಗುಡಿಗೆ ಗಂಟೆಯೇ ಆಗಲಿ ಎನಿಸಿತು. ಮೇಡಂ ನೆಲ ನೋಡುತ್ತ ನಿಂತಿದ್ದರು.

“ಬರದದ್ದು ಏನಿತ್ತು? ಓದ್ರಿ” ಎಂದರು ಸಾಹುಕಾರರು.

ಮೇಡಂ ಒಣಗಿದ ದನಿಯಲ್ಲಿ ಓದಿದರು. ‘...ಮಗು ನಕಾಶೆಯ ಮೇಲೆ ಬೆರಳಿಟ್ಟು ತೋರಿಸುವುದು.’

“ತೋರ್ಸಿದ್ವೋ ಇಲ್ಲೋ?”

“ತೋರ್ಸ್ಯಾವ್ರಿ.”

“ನೀವು ಡ್ಯಾಮಿನಿಂದ ಅಂತ ಬರದೀರಿ. ಅವು ಸಮುದ್ರದಿಂದ ಹಿಡ್ಕೊಂಡು ತಂದಾವ. ನನ್ನನ್ನೂ ಎಳ್ಕೊಂಡು ಬಂದಾವ. ಇನ್ನೇನು ಕಾಣಬೇಕು ನನಗ? ಬೋರ್ಡು ಇಲ್ಲೇ ಇರ್ಲಿ.” ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹುಕಾರರು ಇಂಜಿನಿಯರ್ ಕಡೆ ತಿರುಗಿದರು. “ಆ ಹಾರ ಎಲ್ಲಿತ್ತೋ ಅಲ್ಲೇ ಹಾಕಪ.”

“ಸರ್, ಕಂಪನಿಯವರು ಒಪ್ಪಂಗಿಲ್ರಿ. ಅದು ದೋಷ ಅಂತಾರ.”

“ಹಾರ ಇದ್ದಾಗ ಕಲಿಸ್ತಿತ್ತು, ತೆಗದ ಮ್ಯಾಲ ಸುಮ್ನ ನಿಂತೈತಿ. ದೋಷ ಯಾವುದಂತ ನಿಮ್ಮ ಕಂಪನಿಯವರನ್ನೇ ಬಂದು ನೋಡು ಅನ್ನು.”

ಮರುವಾರದಿಂದ ಹಳದಿ ವ್ಯಾನಿನ ಮಕ್ಕಳು ತಮಗೆ ರಜೆ ಇದ್ದ ಶನಿವಾರ ಬೆಳಿಗ್ಗೆ ಮೆಟ್ರಿ ಶಾಲೆಯ ಕಿಟಕಿಗೆ ಜೋತುಬೀಳತೊಡಗಿದರು. ಕೆಲವರ ಅಪ್ಪಂದಿರು ಬಂದು, ಮುಂದಿನ ವರ್ಷ ಇಲ್ಲಿಯೇ ಸೇರಿಸಬಹುದೇ ಎಂದು ವಿಚಾರಿಸಿ ಹೋದರು. ನಾನು ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬಂದೆ.

ಸ್ವಲ್ಪ ದಿನಕ್ಕೆ ಹೆಡ್ ಮೇಡಮ್ಮಿನ ಫೋನು ಬಂತು. ದನಿಯಲ್ಲಿ ಆತಂಕ. “ಅಕ್ಕಾರ, ಬೋರ್ಡಿಗೆ ಏನೋ ಆಗೈತ್ರಿ. ಮೊದ್ಲಿನಂಗ ಓಡವಲ್ದು. ನಿನ್ನೆ ಬರೀ ರಾಯಚೂರಿನ ತನಕ ಹೋಗಿ ನಿಂತ್ತು. ಮಕ್ಕಳಿಗೆ ಬ್ಯಾಸರ ಆಗೈತಿ.”

ನಾನು ಗಾಬರಿಯಿಂದ ಕೇಳಿದೆ. “ಅಂಗಡಿ ಇಂಜ್ನೀರಿಗೆ ಹೇಳಿದ್ರೇನು?”

“ಹೇಳಿದ್ನಿರಿ. ಅವರು ಬಂದು ಎಲ್ಲಾ ಬಿಚ್ಚಿ ನೋಡಿದ್ರು. ಹೂವು ಬಾಡ್ಯಾವ, ಭಾರ ಸಾಲವಲ್ದು ಅಂದ್ರು. ನಾಳೆ ಬರುವಾಗ ಹೊಸಪ್ಯಾಟಿಯಿಂದ ಒಂದು ಭರ್ತಿ ಹಾರ ತರ್ರಿ, ಸಮುದ್ರದ ಪಾಠ ಐತಿ.”